ರಾತ್ರಿಯಿಡೀ ಜನರೇಟರ್ ಇಟ್ಟು ಮಲಗಬಹುದೇ?

ಮರವಂತೆಯಲ್ಲಿ ಕ್ಯಾರವಾನ್ ನಿಲ್ಲಿಸಿ, ಎಸಿಗೆಂದು ಬೆಳಗಿನವರೆಗೆ ಜನರೇಟರ್ ಓಡಿಸಬಹುದೇ ಎಂದು ಕೇಳಿದ್ದೀರಿ. ಬೇಡ.

2024ರ ಡಿಸೆಂಬರಿನಲ್ಲಿ ಮರವಂತೆಯನ್ನು ಹಾದುಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕ, ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಶವವಾಗಿ ಸಿಕ್ಕಿದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ವಾಹನದ ತಳದ ತೂತಿನಿಂದ ಒಳನುಗ್ಗಿತ್ತೆಂದು ಕಲ್ಲಿಕೋಟೆ ಎನ್‌ಐಟಿ ತಜ್ಞರು ಪತ್ತೆಹಚ್ಚಿದರು. ‘ಹೊಗೆ ವಾಸನೆಗೆ ಎಚ್ಚರವಾಗದೇ’ ಅಂದಿದ್ದೀರಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೆಯೇ ಹೋಗಬಹುದು.

ಯಕ್ಷಗಾನದ ಆಟದ ಬಯಲಲ್ಲಿ ಜನರೇಟರ್ ರಾತ್ರಿಯಿಡೀ ಓಡುತ್ತದಲ್ಲ ಎಂಬ ನಿಮ್ಮ ವಾದ ಸರಿಯೇ. ಆದರೆ ಅದು ತೆರೆದ ಗದ್ದೆ, ಜನ ಎದ್ದಿರುತ್ತಾರೆ. ಭಾಗವತರ ಪದ ಕೇಳುತ್ತಾ ತೂಕಡಿಸುವವರ ಮಾತು ಬೇರೆ!

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ ತಿರುಗುತ್ತದೆ. ಸಂಜೆ ಹೊಗೆಯನ್ನು ದೂರ ಒಯ್ಯುತ್ತಿದ್ದ ಗಾಳಿಯೇ ನಡುರಾತ್ರಿ ಅದನ್ನು ನಿಮ್ಮ ಕಿಟಕಿಗೆ ತರಬಹುದು. ಹಾಗಾಗಿ ಎಚ್ಚರವಿದ್ದಾಗ ಮಾತ್ರ ಓಡಿಸಿ, ಕನಿಷ್ಠ ಆರೇಳು ಮೀಟರ್ ದೂರವಿಟ್ಟು, ಹೊಗೆಕೊಳವೆ ಆಚೆ ತಿರುಗಿಸಿ.

ರಾತ್ರಿಗೆ ಎಸಿ ಮರೆತುಬಿಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ತುಂಬಿದ್ದರೆ 30 ವಾಟಿನ ಎರಡು ಫ್ಯಾನ್ ಎಂಟು ಗಂಟೆ ಆರಾಮಾಗಿ ತಿರುಗುತ್ತವೆ. ಮಂಚದ ಪಕ್ಕ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಒಳಗಿದ್ದವರಿಗೆ ತಲೆನೋವು, ವಾಕರಿಕೆ ಬಂದರೆ ಎಲ್ಲರೂ ಹೊರಗೆ ಬಂದು 108ಕ್ಕೆ ಕರೆ ಮಾಡಿ.