ಎರಡು ಪಿ.ಪಿ.ಎಫ್. ಖಾತೆ: ಮರಳಿ ಬರುವ ಹಣಕ್ಕೆ ಬಡ್ಡಿಯಿಲ್ಲ



ನಮ್ಮಲ್ಲಿ ಅನೇಕರ ಮಕ್ಕಳು ಈಗ ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವರು ಚಿಕ್ಕವರಿದ್ದಾಗ, ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ, ಊರಿನ ಅಂಚೆ ಕಚೇರಿಯಲ್ಲಿ ಅವರ ಹೆಸರಿಗೆ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್. ಖಾತೆ ತೆರೆದವರಿದ್ದಾರೆ. ಹದಿನೆಂಟು ತುಂಬಿದ ಮೇಲೆ ಆ ಖಾತೆ ಮಕ್ಕಳದೇ. ಅದರ ನೆನಪಿಲ್ಲದೆ ಅವರು ಬೆಂಗಳೂರಿನ ಬ್ಯಾಂಕಿನಲ್ಲಿ ಇನ್ನೊಂದು ತೆರೆಯುವುದುಂಟು. ತೊಡಕು ಹುಟ್ಟುವುದು ಇಲ್ಲಿಯೇ.

ನಿಯಮವೇನು?

ಒಬ್ಬರಿಗೆ ಒಂದೇ ಪಿ.ಪಿ.ಎಫ್. ಖಾತೆ. ಆರ್ಥಿಕ ವರ್ಷವೊಂದರಲ್ಲಿ ಕನಿಷ್ಠ 500, ಗರಿಷ್ಠ 1,50,000 ರೂಪಾಯಿ ಕಟ್ಟಬಹುದು. ತಂದೆಯ ಖಾತೆಗೂ ಆತನು ನಡೆಸುವ ಅಪ್ರಾಪ್ತ ಮಗುವಿನ ಖಾತೆಗೂ ಸೇರಿ ಮಿತಿ ಇಷ್ಟೇ. ಕಂಪನಿಯವರು ಸಂಬಳದಲ್ಲಿ ಮುರಿದುಕೊಳ್ಳುವ ಪಿ.ಎಫ್. ಬೇರೆ, ಅದು ಈ ಲೆಕ್ಕಕ್ಕೆ ಸೇರದು.

ಎರಡು ಖಾತೆ ಇದ್ದರೆ?

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಹಣಕಾಸು ಸಚಿವಾಲಯದ ಸೂಚನೆಯಂತೆ, ಖಾತೆದಾರರು ಎರಡರಲ್ಲಿ ಒಂದನ್ನು ಮುಖ್ಯ ಖಾತೆಯೆಂದು ಆರಿಸಿಕೊಳ್ಳಬೇಕು. ಎರಡನೆಯದರ ಹಣವನ್ನು ಆಯಾ ವರ್ಷದ ಮಿತಿಯೊಳಗೆ ಮಾತ್ರ ಅದಕ್ಕೆ ಸೇರಿಸುತ್ತಾರೆ. ಮಿಕ್ಕಿದ್ದು ಬಡ್ಡಿಯಿಲ್ಲದೆ ಮರಳುತ್ತದೆ. ಮೂರನೆಯ ಖಾತೆ ಇದ್ದರೆ, ಅದಕ್ಕೆ ತೆರೆದ ದಿನದಿಂದಲೇ ಬಡ್ಡಿಯಿಲ್ಲ.

ಉದಾಹರಣೆ ನೋಡೋಣ. ಒಂದೇ ವರ್ಷ ಅಂಚೆ ಖಾತೆಗೆ 1,00,000, ಬ್ಯಾಂಕ್ ಖಾತೆಗೆ 80,000 ಕಟ್ಟಿದೆ ಎನ್ನೋಣ. ಅಂಚೆ ಖಾತೆಯನ್ನು ಮುಖ್ಯವೆಂದು ಆರಿಸಿದರೆ ಅದಕ್ಕೆ ಸೇರುವುದು 50,000. ಉಳಿದ 30,000 ವಾಪಸು. ಶೇಕಡಾ 7.1ರ ದರದಲ್ಲಿ ಈ 30,000ಕ್ಕೆ ವರ್ಷಕ್ಕೆ 2,130 ರೂಪಾಯಿ ಬಡ್ಡಿ ನಷ್ಟ. ಹಣ ಎಷ್ಟು ವರ್ಷ ಅಲ್ಲಿತ್ತೋ ನಷ್ಟವೂ ಅಷ್ಟು ಬೆಳೆಯುತ್ತದೆ.

ಮರಳಿದ ಹಣವನ್ನು ಪುನಃ ಕಟ್ಟಬಹುದೇ?

ಕಟ್ಟಬಹುದು. ಆದರೆ ಅದು ಮುಂದಿನ ವರ್ಷದ ಲೆಕ್ಕಕ್ಕೆ ತಾನಾಗಿ ಜಮೆಯಾಗುವುದಿಲ್ಲ. ಹಣ ಕೈಸೇರಿದ ವರ್ಷದ ಮಿತಿಯಲ್ಲಿ ಅವಕಾಶವಿದ್ದರೆ ಹೊಸ ಜಮೆಯಾಗಿ ಕಟ್ಟಬೇಕು. ಹೋದ ಬಡ್ಡಿ ಹೋದದ್ದೇ. ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ದೊರೆಯುತ್ತದೆ.

ಮಾಡಬೇಕಾದುದೇನು?

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಖಾತೆ ಹತ್ತಿರವಿರಬೇಕಾದರೆ ಹೊಸದು ತೆರೆಯಬೇಕಾಗಿಲ್ಲ. ಇರುವ ಖಾತೆಯನ್ನೇ ಅಂಚೆ ಕಚೇರಿಯಿಂದ ಬ್ಯಾಂಕಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಆಗ 15 ವರ್ಷದ ಅವಧಿಯೂ ಮುರಿಯದೆ ಹಳೆಯ ಲೆಕ್ಕದಲ್ಲೇ ಮುಂದುವರಿಯುತ್ತದೆ. ಎರಡು ಖಾತೆ ಈಗಾಗಲೇ ಇದ್ದಲ್ಲಿ ಎರಡಕ್ಕೂ ಹಣ ಕಟ್ಟುತ್ತಾ ಹೋಗದೆ, ಎರಡೂ ಕಡೆಯ ಪಾಸ್‌ಬುಕ್ಕುಗಳೊಡನೆ ಮುಖ್ಯ ಖಾತೆಯ ಕಚೇರಿಗೆ ಲಿಖಿತವಾಗಿ ತಿಳಿಸಬೇಕು.

ಮುಂದಿನ ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಮನೆಯ ಪಾಸ್‌ಬುಕ್ಕುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿರೆಂದು ಸದಸ್ಯರಲ್ಲಿ ವಿನಂತಿಸುತ್ತೇವೆ.