ಜೊತೆಗಾರನೋ, ಸೇವಕನೋ?

ಮಕ್ಕಳು ಕಾಮಿಕ್ಸ್ ಹಿಡಿದು ಕುಳಿತರೆ ಅನೇಕ ತಂದೆತಾಯಿಯರಿಗೆ ಬೇಸರ. "ಪಾಠದ ಪುಸ್ತಕ ಓದಬಾರದೇ?" ಎಂದು ಗದರುತ್ತಾರೆ. ಆದರೆ ಚಿತ್ರಕಥೆಗಳೂ ಒಂದು ಪಾಠ ಕಲಿಸುತ್ತವೆ. ಬೇರೆ ಜನಾಂಗದವನನ್ನು, ಬೇರೆ ಬಣ್ಣದವನನ್ನು ಹೇಗೆ ಕಾಣಬೇಕೆಂಬ ಪಾಠ ಅದು. ಹಳೆಯ ಮೂರು ಜೋಡಿಗಳನ್ನು ನೋಡೋಣ.

ಮೊದಲನೆಯದು ಲೋನ್ ರೇಂಜರ್ ಮತ್ತು ಟೋಂಟೊ. 1933ರಲ್ಲಿ ಅಮೆರಿಕದ ಡೆಟ್ರಾಯಿಟ್ ರೇಡಿಯೋದಲ್ಲಿ ಹುಟ್ಟಿದ ಈ ಕಥೆಯನ್ನು 1948ರಿಂದ ಡೆಲ್ ಸಂಸ್ಥೆ ಕಾಮಿಕ್ಸ್ ಪುಸ್ತಕಗಳಾಗಿ ತಂದಿತು. ದರೋಡೆಕೋರರು ಹೊಂಚುಹಾಕಿ ಆರು ಮಂದಿ ರೇಂಜರುಗಳಿಗೆ ಗುಂಡಿಕ್ಕುತ್ತಾರೆ. ಒಬ್ಬನಲ್ಲಿ ಮಾತ್ರ ಉಸಿರು ಉಳಿದಿರುತ್ತದೆ. ಅವನನ್ನು ಆರೈಕೆ ಮಾಡಿ ಬದುಕಿಸುವವನು ಮೂಲನಿವಾಸಿಯಾದ ಟೋಂಟೊ. ಎಲ್ಲರೂ ಸತ್ತರೆಂದು ಶತ್ರುಗಳು ನಂಬಲೆಂದು ಆರು ಸಮಾಧಿಗಳನ್ನು ತೋಡುವವನೂ ಅವನೇ. ಇಂಥ ಜಾಣನ ಬಾಯಲ್ಲಿ ಲೇಖಕರು ಇಟ್ಟದ್ದು ಹರುಕುಮುರುಕು ಇಂಗ್ಲಿಷ್! ಜೀವ ಉಳಿಸಿದವನು ಕಥೆಯಲ್ಲಿ ಹಿಂಬಾಲಕನಾಗಿಯೇ ಉಳಿದ.

ಎರಡನೆಯ ಜೋಡಿ ಮ್ಯಾಂಡ್ರೇಕ್ ಮತ್ತು ಲೋಥಾರ್. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಇವರು ಪರಿಚಿತರು. 1934ರಲ್ಲಿ ಲೀ ಫಾಕ್ ಇವರನ್ನು ಸೃಷ್ಟಿಸಿದಾಗ ಲೋಥಾರ್ ಆಫ್ರಿಕಾದ ರಾಜಕುಮಾರ. ಆದರೂ ಅವನಿಗೆ ಸಿಕ್ಕಿದ್ದು ಚಿರತೆಯ ತೊಗಲು, ತೊದಲು ಮಾತು. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಉಡುಪೂ ಮಾತೂ ಸುಧಾರಿಸಿದವು. ಅವನಿಗೆ ಸಲ್ಲಬೇಕಾದ ಗೌರವ ಸುಮಾರು ಮೂವತ್ತು ವರ್ಷ ತಡವಾಗಿ ಸಂದಿತು.

ಮೂರನೆಯದು ಇಟಲಿಯ ಟೆಕ್ಸ್. ಜಾನ್ ಲುಯಿಜಿ ಬೊನೆಲ್ಲಿ ಬರೆದು, ಅವುರೇಲಿಯೊ ಗಲ್ಲೆಪ್ಪಿನಿ ಚಿತ್ರಿಸಿದ ಈ ಮಾಲಿಕೆ 1948ರಲ್ಲಿ ಆರಂಭವಾಯಿತು. ಬಿಳಿಯನಾದ ಟೆಕ್ಸ್ ನವಾಹೊ ನಾಯಕನ ಮಗಳು ಲಿಲಿತ್‌ಳನ್ನು ಮದುವೆಯಾಗುತ್ತಾನೆ. ಮುಂದೆ ಆ ಜನರ ನಾಯಕನೂ ಆಗುತ್ತಾನೆ. ನವಾಹೊ ಯೋಧ ಟೈಗರ್ ಜ್ಯಾಕ್ ಅವನಿಗೆ ಒಡಹುಟ್ಟಿದವನಂತೆ. ಸಿಡುಬಿನ ಸೋಂಕಿದ್ದ ಕಂಬಳಿಗಳಿಂದ ಲಿಲಿತ್ ಸತ್ತಾಗ ಆ ಬುಡಕಟ್ಟಿನ ದುಃಖವೇ ಟೆಕ್ಸ್‌ನ ದುಃಖವಾಗುತ್ತದೆ. ಇಲ್ಲಿಯೂ ಕೊರತೆಯಿದೆ: ಪುಸ್ತಕದ ಹೆಸರು, ನಾಯಕತ್ವ ಎರಡೂ ಬಿಳಿಯನಿಗೇ ಸೇರಿವೆ. ಆದರೂ ಅವನು ಅವರ ಮನೆಯವನಾದ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಸ್ನೇಹದಲ್ಲಿ ಮೂರು ಬಗೆಗಳನ್ನು ಗುರುತಿಸಿದ್ದಾನೆ: ಪ್ರಯೋಜನಕ್ಕಾಗಿ ಮಾಡುವ ಸ್ನೇಹ, ಸಂತೋಷಕ್ಕಾಗಿ ಮಾಡುವ ಸ್ನೇಹ, ಗೆಳೆಯನ ಒಳ್ಳೆಯತನಕ್ಕಾಗಿ, ಅವನ ಹಿತವನ್ನೇ ಬಯಸಿ ಮಾಡುವ ಸ್ನೇಹ. ಮೊದಲೆರಡು ಬೇಗ ಕಳಚಿಕೊಳ್ಳುತ್ತವೆ. ಮೂರನೆಯದು ಬಾಳುತ್ತದೆ. ಜೊತೆಗಾರ ಉಪಯೋಗಕ್ಕೆ ಬರುತ್ತಾನೆಂದು ಮಾತ್ರ ಅವನನ್ನು ಇಟ್ಟುಕೊಂಡರೆ ಅದು ಚಾಕರಿ.

ಆದ್ದರಿಂದ ಪಾಲಕರೇ, ಪುಸ್ತಕ ಕಿತ್ತುಕೊಳ್ಳಬೇಡಿ. ಮಗುವಿನ ಪಕ್ಕದಲ್ಲಿ ಕುಳಿತು ಓದಿ, ಮೂರು ಪ್ರಶ್ನೆ ಕೇಳಿ. ಯಾರು ಯಾರನ್ನು ಕಾಪಾಡಿದರು? ಯಾರಿಗೆ ನೆಟ್ಟಗೆ ಮಾತಾಡಲು ಬಿಟ್ಟಿದ್ದಾರೆ? ಯಾರ ಹೆಸರು ಮುಖಪುಟದಲ್ಲಿದೆ? ಹಾಗೆಯೇ ನಮ್ಮ ಮನೆಗೆಲಸದವರ, ತೋಟದ ಆಳುಗಳ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ ಎಂಬುದನ್ನೂ ಕೇಳಿ ನೋಡಿ.