ಎರಡು ಅಚ್ಚೋ, ಮೂರು ಅಚ್ಚೋ? ಬೇಸಾಯದ ಟ್ರೇಲರನ್ನು ಆರಿಸುವ ಬಗೆ

ಎತ್ತಿನ ಗಾಡಿಗೆ ಅಚ್ಚು ಒಂದೇ. ಅದರ ಎರಡು ತುದಿಗಳಲ್ಲಿ ಎರಡು ಗಾಲಿಗಳು. ಹೇರಿನ ಬಹುಭಾಗವನ್ನು ಗಾಲಿಗಳೂ ಅಲ್ಪಭಾಗವನ್ನು ಎತ್ತುಗಳ ಹೆಗಲೂ ಹೊರುವುವು. ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಹೇರು ಹೆಚ್ಚಿತು. ಅದರೊಡನೆ ಅಚ್ಚುಗಳ ಸಂಖ್ಯೆಯೂ ಹೆಚ್ಚಿತು. ಬ್ರಿಟನ್ನಿನಲ್ಲಿ ಗೋಧಿ, ಬಾರ್ಲಿ ಮೊದಲಾದುವನ್ನು ಸಾಗಿಸುವ ದೊಡ್ಡ ಟ್ರೇಲರುಗಳಿಗೆ ಸಾಮಾನ್ಯವಾಗಿ ಒತ್ತೊತ್ತಾಗಿ ಜೋಡಿಸಿದ ಎರಡು ಅಚ್ಚುಗಳಿರುತ್ತವೆ, ಕೆಲವಕ್ಕೆ ಮೂರು. ಕೊಳ್ಳಹೊರಟ ರೈತನು ಯಾವುದನ್ನು ಆರಿಸಬೇಕು? ಎರಡಕ್ಕಿಂತ ಮೂರು ಮೇಲೆಂದು ತೋರುವುದು ಸಹಜ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಮೊದಲು ಭಾರದ ಹಂಚಿಕೆ. ಹೇರು ಸಹಿತ ಟ್ರೇಲರಿನ ತೂಕ 18 ಟನ್ನು ಎಂದೂ, ಅದರಲ್ಲಿ 3 ಟನ್ನು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬೀಳುವುದೆಂದೂ ಭಾವಿಸಿರಿ. ಉಳಿದುದು 15 ಟನ್ನು. ಎರಡು ಅಚ್ಚುಗಳಿದ್ದರೆ ಒಂದೊಂದಕ್ಕೆ 7.5 ಟನ್ನು, ಗಾಲಿಯೊಂದಕ್ಕೆ 3.75 ಟನ್ನು. ಮೂರು ಅಚ್ಚುಗಳಿದ್ದರೆ ಒಂದೊಂದಕ್ಕೆ 5 ಟನ್ನು, ಗಾಲಿಯೊಂದಕ್ಕೆ 2.5 ಟನ್ನು. ಆದರೆ ಈ ಸಮಪಾಲು ತಾನಾಗಿ ಬರುವುದಿಲ್ಲ. ಒಂದು ಗಾಲಿ ದಿಣ್ಣೆಯನ್ನೇರಿದಾಗ ಉಳಿದವುಗಳ ಭಾರವೂ ಅದರ ಮೇಲೆ ಬೀಳಬಹುದು. ಅದನ್ನು ತಪ್ಪಿಸಲು ಅಚ್ಚುಗಳ ಕಮಾನುಪಟ್ಟಿಗಳನ್ನು ತಕ್ಕಡಿಯಂತೆ ತೂಗಾಡುವ ತುಂಡುಗಳಿಂದ ಜೋಡಿಸಿರುತ್ತಾರೆ. ಆ ಜೋಡಣೆ ಸರಿಯಿಲ್ಲದಿದ್ದರೆ ಮೂರನೆಯ ಅಚ್ಚು ಹೆಸರಿಗೆ ಮಾತ್ರ ಇದ್ದಂತೆ.

ಎರಡನೆಯದು ಮಣ್ಣಿನ ವಿಚಾರ. ರೈತನಿಗೆ ಇದೇ ಮುಖ್ಯವಾದುದು. ಗಾಲಿ ಹಾದುಹೋದಾಗ ಮಣ್ಣಿನ ಕಣಗಳ ನಡುವಣ ಸಂದುಗಳು ಮುಚ್ಚಿ, ನೀರೂ ಗಾಳಿಯೂ ಬೇರೂ ಒಳಹೋಗುವುದು ಕಷ್ಟವಾಗುತ್ತದೆ. ಮೇಲ್ಪದರದ ಒತ್ತಡವು ಮುಖ್ಯವಾಗಿ ಟಯರಿನೊಳಗಣ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಆಳದ ಪದರಕ್ಕೆ ಆಗುವ ಕೇಡು ಗಾಲಿ ಹೊರುವ ಒಟ್ಟು ಭಾರವನ್ನು ಅವಲಂಬಿಸಿದೆ. ಮೇಲ್ಪದರವನ್ನು ನೇಗಿಲಿನಿಂದ ಸಡಿಲಗೊಳಿಸಬಹುದು. ನೇಗಿಲು ಮುಟ್ಟದ ಆಳವನ್ನು ಸರಿಪಡಿಸುವುದು ಬಹು ಕಷ್ಟ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಮತ್ತೆ ಕರಗುವ ಸ್ವೀಡನ್ನಿನಂತಹ ದೇಶದಲ್ಲಿಯೂ ಈ ಕೇಡು ವರ್ಷಾನುಗಟ್ಟಲೆ ಉಳಿಯುವುದೆಂದು ದೀರ್ಘಕಾಲದ ಪ್ರಯೋಗಗಳು ತೋರಿಸಿವೆ. ಆದುದರಿಂದ ಗಾಲಿಯ ಭಾರವನ್ನು ಇಳಿಸುವ ಮೂರನೆಯ ಅಚ್ಚು ಇಲ್ಲಿ ಗೆಲ್ಲುತ್ತದೆ. ಆದರೆ ಅಚ್ಚು ಹೆಚ್ಚಿತೆಂದು ಹೇರನ್ನೂ ಹೆಚ್ಚಿಸಿದರೆ ಈ ಲಾಭ ಉಳಿಯದು. ಅಗಲವಾದ ಟಯರುಗಳನ್ನು ಹಾಕಿ, ಗಾಳಿಯ ಒತ್ತಡವನ್ನು ತಗ್ಗಿಸಿದರೆ ಎರಡು ಅಚ್ಚಿನ ಟ್ರೇಲರಿನಿಂದಲೂ ಮೇಲ್ಪದರವನ್ನು ಕಾಪಾಡಿಕೊಳ್ಳಬಹುದು.

ಮೂರನೆಯದು ತಿರುವು. ಗಾಲಿಯು ಜಾರದೆ ಉರುಳಬೇಕಾದರೆ, ತಿರುವಿನ ವೃತ್ತದ ಕೇಂದ್ರವು ಅಚ್ಚಿನ ನೇರದಲ್ಲಿಯೇ ಇರಬೇಕು. ಒಂದೇ ಅಚ್ಚಿದ್ದಾಗ ಇದಕ್ಕೆ ಅಡ್ಡಿಯಿಲ್ಲ. ಸಮಾನಾಂತರ ರೇಖೆಗಳು ಎಲ್ಲಿಯೂ ಸಂಧಿಸವೆಂದು ರೇಖಾಗಣಿತದಲ್ಲಿ ಓದಿದ್ದೀರಷ್ಟೆ. ಆದುದರಿಂದ ಅಚ್ಚುಗಳು ಎರಡಾದೊಡನೆ ಟಯರುಗಳು ಪಕ್ಕಕ್ಕೆ ಉಜ್ಜಲೇಬೇಕು. ಅಚ್ಚುಗಳ ನಡುವಣ ಅಂತರ 1.5 ಮೀಟರು ಎನ್ನೋಣ. ಅಚ್ಚು ಎರಡಿದ್ದರೆ ತಿರುವಿನ ನೇರವು ಅವುಗಳ ನಡುವೆ ಬೀಳುತ್ತದೆ. ಪ್ರತಿಯೊಂದೂ ಅದರಿಂದ 0.75 ಮೀಟರು ದೂರ. ಮೂರಿದ್ದರೆ ನಡುವಿನದು ಸುಖವಾಗಿ ಉರುಳುತ್ತದೆ. ಹಿಂದಿನದೂ ಮುಂದಿನದೂ 1.5 ಮೀಟರು ದೂರ ಉಳಿದು, ಇಮ್ಮಡಿಯಾಗಿ ಉಜ್ಜುತ್ತವೆ. ಇದರಿಂದ ಟಯರು ಸವೆಯುತ್ತದೆ, ಹೊಲದ ಬಾಗಿಲಲ್ಲಿ ಹುಲ್ಲುನೆಲ ಕಿತ್ತುಹೋಗುತ್ತದೆ. ಹಿಂದಿನ ಅಚ್ಚು ತಾನೇ ತಿರುಗುವಂತೆ ಮಾಡಿ ಇದನ್ನು ಕಡಿಮೆ ಮಾಡುತ್ತಾರೆ. ಆದರೆ ಅಂತಹ ಅಚ್ಚನ್ನು ಹಿಮ್ಮುಖವಾಗಿ ಚಲಿಸುವಾಗ ಬಿಗಿಯಬೇಕು, ಬೆಲೆಯೂ ಹೆಚ್ಚು.

ಕೊನೆಯದು ಕಾನೂನು. ಬ್ರಿಟನ್ನಿನಲ್ಲಿ 2015ರಲ್ಲಿ ಟ್ರ್ಯಾಕ್ಟರು ಮತ್ತು ಟ್ರೇಲರುಗಳ ಒಟ್ಟು ತೂಕದ ಮಿತಿಯನ್ನು 24.39 ಟನ್ನಿನಿಂದ 31 ಟನ್ನಿಗೆ ಏರಿಸಿದರು. ಆದರೆ ಟ್ರೇಲರೊಂದರ ಮಿತಿಯನ್ನು 18.29 ಟನ್ನಿನಲ್ಲಿಯೇ ಉಳಿಸಿದರು. ಇದರ ಪರಿಣಾಮವನ್ನು ಗಮನಿಸಿರಿ. ಎರಡು ಅಚ್ಚಿನ ಬರಿಯ ಟ್ರೇಲರು 5 ಟನ್ನು ತೂಗಿದರೆ 13.29 ಟನ್ನು ಧಾನ್ಯವನ್ನು ಹೇರಬಹುದು. ಮೂರನೆಯ ಅಚ್ಚು, ಗಾಲಿ, ಬ್ರೇಕುಗಳಿಂದ ಬರಿಯ ತೂಕವು 6 ಟನ್ನಾದರೆ ಹೇರು 12.29 ಟನ್ನಿಗೆ ಇಳಿಯುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಧಾನ್ಯವನ್ನು ಸಾಗಿಸಿದಂತಾಯಿತು!

ಹೀಗಿರುವುದರಿಂದ, ಧಾನ್ಯವನ್ನು ಸಾಗಿಸುವ ಸಾಮಾನ್ಯ ರೈತನಿಗೆ ಒಳ್ಳೆಯ ಬ್ರೇಕುಗಳೂ ಅಗಲವಾದ ಟಯರುಗಳೂ ಉಳ್ಳ ಎರಡು ಅಚ್ಚಿನ ಟ್ರೇಲರೇ ಲೇಸು. ಒದ್ದೆ ನೆಲದ ಮೇಲೆ ದ್ರವಗೊಬ್ಬರದ ದೊಡ್ಡ ಟ್ಯಾಂಕನ್ನು ಎಳೆಯುವವನಿಗೂ, ತಗ್ಗಾದ ಚಿಕ್ಕ ಗಾಲಿಗಳ ಟ್ರೇಲರಿನಲ್ಲಿ ಭಾರವಾದ ಯಂತ್ರಗಳನ್ನು ಸಾಗಿಸುವವನಿಗೂ ಮೂರು ಅಚ್ಚು ಯೋಗ್ಯ.

ನಮ್ಮ ಬೆಳಗಾವಿ, ಮಂಡ್ಯ ಸೀಮೆಗಳಲ್ಲಿ ಕಬ್ಬು ಸಾಗಿಸುವ ನಾಲ್ಕು ಗಾಲಿಯ ಟ್ರೇಲರುಗಳ ಕ್ರಮವೇ ಬೇರೆ. ಅವುಗಳ ಅಚ್ಚುಗಳು ದೂರದೂರವಿದ್ದು, ಮುಂದಿನದು ಮೂಕಿಯೊಡನೆ ತಿರುಗುತ್ತದೆ. ಆದುದರಿಂದ ಟಯರು ಹೆಚ್ಚಾಗಿ ಉಜ್ಜುವುದಿಲ್ಲ. ಹಿಂದಕ್ಕೆ ನಡೆಸುವುದು ಮಾತ್ರ ಕಷ್ಟ. ನಗರದಲ್ಲಿರುವ ನೀವು ಹೆದ್ದಾರಿಯ ಲಾರಿಗಳನ್ನು ನೋಡಿರಿ. ಬರಿದಾಗಿ ಹೋಗುವ ಕೆಲವು ಲಾರಿಗಳು ಒಂದು ಅಚ್ಚನ್ನು ನೆಲದಿಂದ ಮೇಲಕ್ಕೆತ್ತಿಕೊಂಡಿರುತ್ತವೆ. ಅದೇಕೆಂಬುದನ್ನು ಈ ಪಾಠದ ಆಧಾರದಿಂದ ನೀವೇ ವಿವರಿಸಿರಿ.